ಚಲಚ್ಚಿತ್ರವೂ ನಮ್ಮ ಬಾಲಿಕೆಯರ ಕಲಾಶಿಕ್ಷಣವೂ

ಈ ಸ್ಮರಣ ಸಂಚಿಕೆಯಲ್ಲಿ ಸಿನಿಮಾದ ಪರವಾಗಿ ಒಂದು ಲೇಖನವು ಅಚ್ಚಾಗಿರುವುದನ್ನು ಕಂಡು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮೂಗಿನ ಮೇಲೆ ಬೆರಳಿಟ್ಟುಕೊಳ್ಳುವರೆಂಬುದನ್ನು ನಾವು ಬಲ್ಲೆವು. ಅವರು ಬೋರ್ಡಿಂಗಿನಲ್ಲಿದ್ದ ಕಾಲದಲ್ಲಿ ಸಿನಿಮಾ ಎಂಬ ಮಾತನ್ನು ಊಟದ ಪಂಕ್ತಿಯಲ್ಲಿ ಗಟ್ಟಿಯಾಗಿ ಆಡುವಂತಿರಲಿಲ್ಲ. ಶನಿವಾರದ ಸಾಯಂಕಾಲ ಪೇಟೆಯ ಟಾಕೀಸಿನ ಧ್ವನಿವರ್ಧಕದಿಂದ ಹಾಡು ತೇಲಿಬಂದರೆ ಆ ಕಡೆಯ ಕಿಟಕಿಗಳನ್ನು ಮುಚ್ಚಿಸುತ್ತಿದ್ದರು. ಮುಚ್ಚಿದ ಕಿಟಕಿಯ ಹಿಂದೆ ಹುಡುಗಿಯರು ಆ ಹಾಡನ್ನು ಮೊದಲಿನಿಂದ ಕಡೆಯವರೆಗೆ ಕಲಿತುಬಿಡುತ್ತಿದ್ದರೆಂಬುದು ಬೇರೆ ಮಾತು.

ಹಿರಿಯರ ಆ ಅಂಜಿಕೆಯನ್ನು ನಾವು ಹಾಸ್ಯಮಾಡುವವರಲ್ಲ. ತಾಯ್ತಂದೆಗಳು ನಂಬಿ ಒಪ್ಪಿಸಿದ ಹೆಣ್ಣುಮಕ್ಕಳಿಗೆ ಹೊಣೆಯಾಗಿದ್ದವರು ಅವರು. 1934ರಲ್ಲಿ ‘ಸತೀ ಸುಲೋಚನಾ’ ಎಂಬ ಪ್ರಥಮ ಕನ್ನಡ ವಾಕ್ಚಿತ್ರವು ತೆರೆಗೆ ಬಂದಂದಿನಿಂದ ಎಷ್ಟೋ ವರ್ಷಗಳ ಪರ್ಯಂತರ, ಕುಲೀನರೆನಿಸಿಕೊಂಡವರ ಮನೆಗಳಲ್ಲಿ ಸಿನಿಮಾಕ್ಕೆ ಹೋಗುವುದು ಮರ್ಯಾದೆಗೆ ಕುಂದೆಂದು ಎಣಿಸಲ್ಪಡುತ್ತಿತ್ತು. ಅದರಲ್ಲಿ ನಟಿಸುವ ಮಾತಂತೂ ದೂರವೇ ಉಳಿಯಿತು. ಆದರೂ ಒಂದು ವಿಷಯವನ್ನು ಜ್ಞಾಪಿಸಿಕೊಳ್ಳಬೇಕಾಗಿದೆ. ಹಳ್ಳಿಹಳ್ಳಿಗೆ ಹೋಗಿ ಬಿಳಿಯ ಬಟ್ಟೆಯನ್ನು ಕಟ್ಟಿ, ಮ್ಯಾಜಿಕ್ ಲ್ಯಾಂಟರ್ನಿನ ಬೆಳಕಿನಲ್ಲಿ ವೇದಪುಸ್ತಕದ ಕಥೆಗಳನ್ನು ಚಿತ್ರಚಿತ್ರವಾಗಿ ತೋರಿಸಿ, ನಡುನಡುವೆ ಕೀರ್ತನೆಗಳನ್ನು ಹಾಡಿಸಿದವರೂ ಮಿಶನ್ನಿನವರೇ. ಕತ್ತಲೆಯಲ್ಲಿ ಬೆಳಗುವ ಚಿತ್ರವೂ ಅದರೊಡನೆ ಕೇಳಿಬರುವ ಗಾನವೂ ಕೂಡಿದರೆ ಮನಸ್ಸಿನೊಳಕ್ಕೆ ಎಷ್ಟು ಆಳ ಇಳಿಯುವುದೆಂಬುದನ್ನು ಅವರು ನಮಗಿಂತ ಮೊದಲೇ ಅರಿತಿದ್ದರು.

ಈಗಲಾದರೋ ಮುಚ್ಚತಕ್ಕ ಕಿಟಕಿಯೇ ಇಲ್ಲ. ಅಂಗೈಯಗಲದ ಮೊಬೈಲಿನೊಳಗೆ ಲೋಕದ ಸಿನಿಮಾಗಳೆಲ್ಲವೂ ಅಡಗಿ ಕುಳಿತಿವೆ. ಐದನೆಯ ತರಗತಿಯ ಮಗುವು ತಾಯಿ ಒಲೆಯ ಮುಂದಿರುವಾಗ ತನಗೆ ಬೇಕಾದುದನ್ನು ತಾನೇ ತೆರೆದು ನೋಡುತ್ತದೆ. ಆದಕಾರಣ ಮಕ್ಕಳು ಚಿತ್ರಗಳನ್ನು ನೋಡಬಹುದೇ ನೋಡಬಾರದೇ ಎಂಬ ಹಳೆಯ ಚರ್ಚೆಯಿಂದ ಇಂದು ಯಾವ ಪ್ರಯೋಜನವೂ ಇಲ್ಲ. ನೋಡುವಾಗ ಪಕ್ಕದಲ್ಲಿ ಯಾರು ಕುಳಿತಿದ್ದಾರೆ, ನೋಡಿದ ಮೇಲೆ ಯಾರು ಮಾತನಾಡಿಸುತ್ತಾರೆ ಎಂಬುದೇ ಪ್ರಶ್ನೆ. ಚಿತ್ರಕಲೆಯೂ ಸಂಗೀತವೂ ಪಾಠಪಟ್ಟಿಯ ಮೂಲೆಗೆ ಸರಿದಿರುವ ಈ ದಿನಗಳಲ್ಲಿ, ಯೋಗ್ಯವಾದ ಚಲಚ್ಚಿತ್ರವೊಂದನ್ನು ಮಕ್ಕಳೊಡನೆ ಕುಳಿತು ನೋಡುವುದರಿಂದ ಅವರ ಕಣ್ಣು ಕಿವಿಗಳನ್ನು ತಿದ್ದಬಹುದೆಂದು ನಮ್ಮ ಅಭಿಪ್ರಾಯ.

ಮೂಲೆಗೆ ಸರಿದಿದೆಯೆಂದೆವು, ಸರಿಸಿದವರಲ್ಲಿ ನಾವೂ ಸೇರಿದ್ದೇವೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾಯಿತೆಂದರೆ ಗಣಿತದ ಉಪಾಧ್ಯಾಯಿನಿಯು ಮೊದಲು ಕೇಳಿ ಪಡೆಯುವುದು ಸಂಗೀತದ ಪೀರಿಯಡ್ಡನ್ನು, ಎರಡನೆಯದಾಗಿ ಡ್ರಾಯಿಂಗಿನದನ್ನು. ಸಂಗೀತದವರು ತಮ್ಮ ಹಾರ್ಮೋನಿಯಮ್ಮನ್ನು ಮುಚ್ಚಿ ಸುಮ್ಮನೆ ಎದ್ದುಹೋಗುತ್ತಾರೆ. ಅದಲ್ಲದೆ, ವರ್ಷದ ಕಡೆಯ ವಾರದಲ್ಲಿ, ನಾವು ಅಂಕಪಟ್ಟಿ ಬರೆಯುವ ತನಕ ಮಕ್ಕಳು ಗಲಾಟೆಮಾಡದಿರಲೆಂದು ಯಾವುದಾದರೊಂದು ಸಿನಿಮಾವನ್ನು ಹಾಕಿ ಬಾಗಿಲೆಳೆದುಕೊಂಡು ಬರುವ ಪದ್ಧತಿಯೂ ಅನೇಕ ಶಾಲೆಗಳಲ್ಲುಂಟು. ಚಲಚ್ಚಿತ್ರವನ್ನು ಇದಕ್ಕಿಂತ ಕೆಟ್ಟದಾಗಿ ಉಪಯೋಗಿಸುವ ರೀತಿ ಇನ್ನೊಂದಿಲ್ಲ. ತೊಟ್ಟಿಲಲ್ಲಿ ಮಗುವನ್ನು ಮಲಗಿಸಿ ತೂಗುವವರಿಲ್ಲದೆ ಬಿಟ್ಟಂತೆ ಅದು.

ನಮ್ಮ ಮೊದಲನೆಯ ಪ್ರಯತ್ನವೂ ಚೆನ್ನಾಗಿ ನಡೆಯಲಿಲ್ಲ. ವಾಲ್ಟ್ ಡಿಸ್ನಿಯವರು 1940ರಲ್ಲಿ ಹೊರತಂದ ‘ಫ್ಯಾಂಟೇಸಿಯ’ ಎಂಬ ಚಿತ್ರವನ್ನು ನಾವು ಆರಿಸಿಕೊಂಡೆವು. ಲಿಯೊಪೋಲ್ಡ್ ಸ್ಟೊಕೊವ್ಸ್ಕಿಯವರು ಫಿಲಡೆಲ್ಫಿಯದ ವಾದ್ಯಮೇಳದಿಂದ ನುಡಿಸಿದ ಬಾಖ್, ಬೀಥೋವನ್, ಚೈಕೋವ್ಸ್ಕಿ ಮೊದಲಾದವರ ಕೃತಿಗಳಿಗೆ ಡಿಸ್ನಿಯ ಚಿತ್ರಕಾರರು ಚಲಿಸುವ ಚಿತ್ರಗಳನ್ನು ಬರೆದು ಜೋಡಿಸಿರುವರು. ಸಂಗೀತವೇ ಮುಂದೆ, ಕಥೆ ಹಿಂದೆ. ಇದಕ್ಕಿಂತ ತಕ್ಕದ್ದು ಯಾವುದೆಂದು ಭಾವಿಸಿ ಎರಡು ಗಂಟೆಗಳಷ್ಟಿರುವ ಚಿತ್ರವನ್ನು ಒಂದೇ ಬಾರಿಗೆ ಐದನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಎಲ್ಲರಿಗೂ ತೋರಿಸಿದೆವು. ಬೀಥೋವನ್ನನ ಹೊತ್ತಿಗೆ ಹಿಂದಿನ ಸಾಲಿನವರು ನಿದ್ದೆಹೋಗಿದ್ದರು. ಕಡೆಯಲ್ಲಿ ಮುಸ್ಸೋರ್ಗ್‌ಸ್ಕಿಯ ಕೃತಿಗೆ ಬೋಳುಬೆಟ್ಟದ ಮೇಲೆ ದೆವ್ವವು ರೆಕ್ಕೆ ಬಿಚ್ಚಿ ಎದ್ದಾಗ ಇಬ್ಬರು ಚಿಕ್ಕವರು ಅಳಲಾರಂಭಿಸಿದರು. ಅದರ ಬೆನ್ನಿಗೇ ಶೂಬರ್ಟನ ಮರಿಯಸ್ತುತಿ ಕೇಳಿಬಂದು, ದೀಪಗಳನ್ನು ಹಿಡಿದ ಯಾತ್ರಿಕರ ಸಾಲು ಕಾಡಿನೊಳಗೆ ಸಾಗಿತಾದರೂ, ಅತ್ತವರನ್ನು ಹೊರಕ್ಕೆ ಕರೆದುಕೊಂಡು ಹೋದದ್ದರಿಂದ ಅವರು ಅದನ್ನು ಕಾಣಲೇ ಇಲ್ಲ.

ಎರಡನೆಯ ಸಲ ಒಂದೇ ಭಾಗವನ್ನು ಆರಿಸಿದೆವು. ಮಂತ್ರವಾದಿಯ ಶಿಷ್ಯನ ಕಥೆ ಅದು. ಗಯಟೆಯು 1797ರಲ್ಲಿ ಬರೆದ ಕವಿತೆಯನ್ನಾಧರಿಸಿ, ಸರಿಯಾಗಿ ನೂರು ವರ್ಷಗಳ ಮೇಲೆ, ಫ್ರಾನ್ಸಿನ ಪೌಲ್ ಡ್ಯುಕಾ ಎಂಬವರು ವಾದ್ಯಮೇಳಕ್ಕೆ ರಚಿಸಿದ ಕೃತಿ. ಈ ಸಾರಿ ಮೊದಲು ಚಿತ್ರವನ್ನು ತೋರಿಸದೆ ಸಂಗೀತವನ್ನು ಮಾತ್ರ ಕೇಳಿಸಿ, ಕಥೆಯನ್ನೂ ಹೇಳದೆ, ಕೇಳಿದಾಗ ಏನು ಕಂಡಿತೋ ಅದನ್ನು ಬರೆಯಿರೆಂದು ಕಾಗದ ಬಣ್ಣಗಳನ್ನು ಕೊಟ್ಟೆವು. ಒಬ್ಬಳು ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಯನ್ನು ಬರೆದಳು. ಇಬ್ಬರು ರೈಲುಗಾಡಿಯನ್ನು ಬರೆದರು. ಆರನೆಯ ತರಗತಿಯ ಒಬ್ಬ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದ ಮಗು, ತನ್ನ ಅಜ್ಜಿಯು ರಾಗಿ ಬೀಸುತ್ತಿರುವುದನ್ನು ಬರೆದಿದ್ದಳು; ಬೀಸುಕಲ್ಲಿನಿಂದ ಹಿಟ್ಟು ಉಕ್ಕಿ ಉಕ್ಕಿ ಮನೆಯೆಲ್ಲ ತುಂಬಿ ಅಜ್ಜಿಯ ಕುತ್ತಿಗೆಯ ತನಕ ಬಂದಿತ್ತು. ಡ್ಯುಕಾನ ಸಂಗೀತವನ್ನು ಅಷ್ಟು ಸರಿಯಾಗಿ ಕೇಳಿದ ಕಿವಿ ನಮ್ಮ ಉಪಾಧ್ಯಾಯಿನಿಯರಲ್ಲಿಯೂ ಇದ್ದಿತೋ ಇಲ್ಲವೋ!

ಆಮೇಲೆ ಚಿತ್ರವನ್ನು ತೋರಿಸಿದೆವು. ನೀರು ಹೊರುವ ಪೊರಕೆಗಳನ್ನು ಕಂಡು ಮಕ್ಕಳು ಬಿದ್ದು ಬಿದ್ದು ನಕ್ಕರು. ಮೂರನೆಯ ಬಾರಿಗೆ ಕಣ್ಣು ಮುಚ್ಚಿ ಕೇಳಿಸಿದಾಗ, ಬಸೂನ್ ಎಂಬ ದಪ್ಪ ಕಂಠದ ಮರದ ಊದುವಾದ್ಯವು ಹೆಜ್ಜೆಯಿಡುತ್ತ ಬಂದೊಡನೆಯೇ “ಪೊರಕೆ ಎದ್ದಿತು, ಟೀಚರಮ್ಮ!” ಎಂದು ಹತ್ತು ಕಂಠಗಳು ಒಟ್ಟಿಗೆ ಕೂಗಿದವು. ಕೊಡಲಿಯ ಏಟು ಬಿದ್ದಮೇಲೆ ಅದೇ ಧಾಟಿಯು ಇನ್ನೂ ತಗ್ಗಿದ ಸ್ವರದಲ್ಲಿ ಮೊದಲಾಗಿ, ಅದರ ಬೆನ್ನು ಹತ್ತಿ ಬೇರೊಂದು ವಾದ್ಯವೂ ಬರುವುದನ್ನು ಕೇಳಿ, ತುಂಡು ಎರಡಾಯಿತೆಂದು ತಾವೇ ಕಂಡುಕೊಂಡರು. ಒಂದು ಧಾಟಿಯನ್ನು ಗುರುತುಹಿಡಿಯುವುದು, ಅದು ವೇಷ ಬದಲಾಯಿಸಿಕೊಂಡು ಬಂದಾಗಲೂ ಗುರುತುಹಿಡಿಯುವುದು, ಇದೇ ಸಂಗೀತವನ್ನು ಕೇಳುವುದರ ಮೊದಲ ಪಾಠ. ಒಂದು ವರ್ಷದ ಉಪನ್ಯಾಸದಿಂದಲೂ ಆಗದ್ದು ಅರ್ಧ ಗಂಟೆಯಲ್ಲಿ ಆಯಿತೆಂದು ನಾವು ಬೀಗಿದೆವು.

ಆದರೆ ಕೊಠಡಿ ಗುಡಿಸುವಾಗ ಬೆಂಚಿನ ಕೆಳಗೆ ಆ ಬೀಸುಕಲ್ಲಿನ ಚಿತ್ರವು ನಾಲ್ಕು ಚೂರಾಗಿ ಬಿದ್ದಿತ್ತು. ಹುಡುಗಿಯನ್ನು ಕರೆದು ಕೇಳಿದೆವು. “ನಂದು ತಪ್ಪಾಗಿತ್ತು, ಟೀಚರಮ್ಮ. ಅದು ಪೊರಕೆ,” ಎಂದಳು.

ಈ ಮಾತು ನಮ್ಮನ್ನು ಬಹಳ ದಿವಸ ಕಾಡಿತು. ಚಲಚ್ಚಿತ್ರದ ವಿಷಯವಾಗಿ ಹಿರಿಯರು ಹೇಳುತ್ತಿದ್ದ ಅಪಾಯಗಳಲ್ಲಿ ಇದು ಇರಲಿಲ್ಲ. ತೆರೆಯ ಮೇಲಿನ ಚಿತ್ರಕ್ಕೆ ಅಷ್ಟು ಅಧಿಕಾರವಿರುವುದು. ಅದು ಮಗುವಿನ ಕಣ್ಣೊಳಗಿನ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಅಳಿಸಿಹಾಕುತ್ತದೆ. ನಿನ್ನದು ತಪ್ಪಲ್ಲವೆಂದು ನಾವು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಉಪಾಧ್ಯಾಯಿನಿಯರು ಹೀಗೆ ಸಮಾಧಾನ ಹೇಳುವರೆಂದು ಆ ವಯಸ್ಸಿನ ಮಕ್ಕಳಿಗೂ ಗೊತ್ತು. ಅವಳನ್ನು ನಂಬಿಸಿದ್ದು ಅದೇ ಸಿನಿಮಾದ ಬೇರೊಂದು ಭಾಗ. ಸ್ಟ್ರಾವಿನ್‌ಸ್ಕಿಯ ‘ವಸಂತದ ವಿಧಿ’ಗೆ ಡಿಸ್ನಿಯವರು ಭೂಮಿಯ ಉತ್ಪತ್ತಿಯನ್ನೂ ದೈತ್ಯಾಕಾರದ ಪ್ರಾಚೀನ ಸರೀಸೃಪಗಳ ನಾಶವನ್ನೂ ಚಿತ್ರಿಸಿದ್ದಾರೆ. ಸ್ಟ್ರಾವಿನ್‌ಸ್ಕಿಯಾದರೋ 1913ರಲ್ಲಿ ಪ್ಯಾರಿಸಿನಲ್ಲಿ ಆಡಿಸಿದ ನೃತ್ಯಕ್ಕಾಗಿ, ಪುರಾತನ ರಷ್ಯದ ಜನರು ವಸಂತಕಾಲದಲ್ಲಿ ನಡೆಸುವ ಬಲಿಯ ವಿಧಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ರಚಿಸಿದ್ದನು. ಅದರಲ್ಲಿ ಸರೀಸೃಪದ ಸುಳಿವೂ ಇಲ್ಲ. ಬೀಥೋವನ್ನನು 1808ರಲ್ಲಿ ಜನರೆದುರಿಗೆ ತಂದ ಗ್ರಾಮಜೀವನದ ಸಿಂಫೊನಿಗೆ ಗ್ರೀಕರ ಪುರಾಣದ ಕುದುರೆಮೈಯ ಮನುಷ್ಯರನ್ನು ತಂದು ನಿಲ್ಲಿಸಿದ್ದೂ ಹಾಗೆಯೇ. ಇದನ್ನು ಹೇಳಿದಾಗ ಆ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವರೂ ತಮಗೆ ಕಂಡದ್ದನ್ನೇ ಬರೆದರಾ?” ಎಂದು ಕೇಳಿದಳು. ಅಂದಿನಿಂದ ನಾವು ಒಂದು ಕಟ್ಟಳೆಯನ್ನು ಮಾಡಿಕೊಂಡಿದ್ದೇವೆ: ಮೊದಲು ಕಿವಿ, ಆಮೇಲೆ ಮಗುವಿನ ಕೈ, ಕಡೆಗೆ ತೆರೆ. ಮಕ್ಕಳು ಬರೆದ ಚಿತ್ರಗಳನ್ನು ಗೋಡೆಗೆ ಅಂಟಿಸಿ ಮುಗಿದ ಹೊರತು ದೀಪವನ್ನು ಆರಿಸುವುದಿಲ್ಲ.

ವಾದ್ಯಗಳ ಪರಿಚಯಕ್ಕೆ ಇನ್ನೊಂದು ಚಿಕ್ಕ ಚಿತ್ರವುಂಟು. ಯುದ್ಧವು ಮುಗಿದ ಮರುವರ್ಷ, 1946ರಲ್ಲಿ, ಬ್ರಿಟಿಷ್ ಸರಕಾರವು ಶಾಲೆಯ ಮಕ್ಕಳಿಗೆಂದೇ ತೆಗೆಯಿಸಿದ ‘ಇನ್‌ಸ್ಟ್ರುಮೆಂಟ್ಸ್ ಆಫ್ ದಿ ಆರ್ಕೆಸ್ಟ್ರಾ’ ಎಂಬುದು. ಇದಕ್ಕೆ ಸಂಗೀತವನ್ನು ರಚಿಸಿಕೊಟ್ಟವರು ಬೆಂಜಮಿನ್ ಬ್ರಿಟನ್. ಲಂಡನ್ ಸಿಂಫೊನಿ ಮೇಳವನ್ನು ನಡೆಸಿದವರು ಮಾಲ್ಕಮ್ ಸಾರ್ಜೆಂಟ್. ನಾಟಕವೊಂದಕ್ಕೆ 1695ರಲ್ಲಿ ಹೆನ್ರಿ ಪರ್ಸೆಲ್ ಕಟ್ಟಿದ ಧಾಟಿಯೊಂದನ್ನು ಬ್ರಿಟನ್ನರು ತೆಗೆದುಕೊಂಡು, ಮೊದಲು ಇಡೀ ಮೇಳದಿಂದಲೂ, ಅನಂತರ ಮರದ ಊದುವಾದ್ಯ, ಹಿತ್ತಾಳೆಯ ವಾದ್ಯ, ತಂತಿವಾದ್ಯ, ಬಡಿಯುವ ವಾದ್ಯ ಎಂಬ ನಾಲ್ಕು ಮನೆತನಗಳಿಂದಲೂ ನುಡಿಸಿ, ಬಳಿಕ ಒಂದೊಂದು ವಾದ್ಯವನ್ನೂ ಎದ್ದುನಿಲ್ಲಿಸಿ ಮಾತನಾಡಿಸುತ್ತಾರೆ. ಕಡೆಯಲ್ಲಿ ಎಲ್ಲವೂ ಬಂದ ಸಾಲಿನಲ್ಲಿಯೇ ಒಂದರ ಬೆನ್ನಿಗೊಂದು ಓಡಿಬಂದು ಸೇರಿಕೊಳ್ಳುವಾಗ ಹಿತ್ತಾಳೆಯ ವಾದ್ಯಗಳು ಪರ್ಸೆಲ್ಲನ ಧಾಟಿಯನ್ನು ಮೇಲೆತ್ತಿ ಹಿಡಿಯುತ್ತವೆ. ಇಲ್ಲಿ ಕಥೆಯಿಲ್ಲ, ಬಣ್ಣವೂ ಇಲ್ಲ. ನುಡಿಯುತ್ತಿರುವ ವಾದ್ಯವು ಯಾವುದೆಂಬುದನ್ನು ಕಣ್ಣಿಗೆ ತೋರಿಸುವುದಷ್ಟೇ ಚಿತ್ರದ ಕೆಲಸ. ಭಾನುವಾರದ ಆರಾಧನೆಯಲ್ಲಿ ನಾಲ್ಕು ಕಂಠಗಳ ಹೊಂದಿಕೆಯನ್ನು ಹಾಡಿ ಬೆಳೆದ ನಮ್ಮ ಹುಡುಗಿಯರಿಗೆ ಈ ಸಂಗೀತವು ಅಷ್ಟೇನೂ ಅನ್ಯವೆನಿಸುವುದಿಲ್ಲ. 150ನೆಯ ಕೀರ್ತನೆಯಲ್ಲಿ ಬರುವ ಸ್ವರಮಂಡಲ, ಕಿನ್ನರಿ, ದಮ್ಮಡಿ, ಕೊಳಲು, ತಾಳಗಳನ್ನು ಬಾಯಿಪಾಠವಾಗಿ ಒಪ್ಪಿಸುವ ಮಕ್ಕಳು ಅವು ಹೇಗಿರುವವೆಂದು ಕೇಳಿದರೆ ತಬ್ಬಿಬ್ಬಾಗುವರು; ಆ ಪಾಠದ ದಿವಸವೇ ಈ ಚಿತ್ರವನ್ನು ತೋರಿಸುವುದು ಲೇಸು. ವೀಣೆ, ಪಿಟೀಲು, ಮೃದಂಗ, ಘಟ, ಮೋರ್ಸಿಂಗುಗಳನ್ನು ಕುರಿತು ಇಷ್ಟೇ ಅಚ್ಚುಕಟ್ಟಾದ ಒಂದು ಚಿತ್ರವನ್ನು ನಮ್ಮ ದೊಡ್ಡ ವಿದ್ವಾಂಸರು ಮಕ್ಕಳಿಗಾಗಿ ಮನಸ್ಸಿಟ್ಟು ಮಾಡಿಕೊಟ್ಟರೆ ನಾಡಿಗೆ ಎಷ್ಟು ಉಪಕಾರವಾದೀತು!

ಅಲ್ಲಿಯ ತನಕ ನಮ್ಮ ಕಥಾಚಿತ್ರಗಳೇ ಗತಿ. ಅವು ಕಡಮೆಯವೇನೂ ಅಲ್ಲ. ಅ. ನ. ಕೃಷ್ಣರಾಯರ ಕಾದಂಬರಿಯನ್ನನುಸರಿಸಿ 1966ರಲ್ಲಿ ಬಂದ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರ ಹಿಂದೂಸ್ತಾನಿ ಕಂಠವನ್ನೂ ಬಾಲಮುರಳಿಕೃಷ್ಣರ ಕರ್ಣಾಟಕ ಕಂಠವನ್ನೂ ಒಂದೇ ಚಿತ್ರದಲ್ಲಿ ಕೇಳಬಹುದು, ಎರಡು ಸಂಪ್ರದಾಯಗಳ ಭೇದವನ್ನು ತಿಳಿಸಲು ಇದಕ್ಕಿಂತ ಸುಲಭವಾದ ದಾರಿಯನ್ನು ನಾವು ಕಾಣೆವು. ತ. ರಾ. ಸು. ಅವರ ಕಾದಂಬರಿಯಿಂದ ಜಿ. ವಿ. ಅಯ್ಯರ್ 1975ರಲ್ಲಿ ತೆಗೆದ ‘ಹಂಸಗೀತೆ’ಯು ಚಿತ್ರದುರ್ಗದ ಸಂಗೀತಗಾರನೊಬ್ಬನ ಗರ್ವವನ್ನೂ ತಪಸ್ಸನ್ನೂ ಕುರಿತದ್ದು, ಅದರ ಹಾಡಿಕೆಗಾಗಿ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿಯು ದೊರಕಿತು. ಕಥೆಯಲ್ಲಿ ಎಳೆಯರಿಗೆ ಸಲ್ಲದ ಸನ್ನಿವೇಶಗಳಿರುವುದರಿಂದ ಇದನ್ನು ಮೇಲಿನ ತರಗತಿಗಳವರಿಗೆ ಮಾತ್ರ, ಅದೂ ಆರಿಸಿದ ಭಾಗಗಳನ್ನು, ತೋರಿಸತಕ್ಕದ್ದು. ರಾಗಸಂಗೀತವು ನಮ್ಮ ಸಭೆಗೆ ಹೊರಗಿನದೆಂದು ಎಣಿಸುವ ಕೆಲವು ತಾಯ್ತಂದೆಗಳು ಈ ವಿಷಯದಲ್ಲಿ ನಮ್ಮೊಡನೆ ವಾದಿಸಿರುವರು. ಕನ್ನಡದಲ್ಲಿ ಪ್ರಾರ್ಥಿಸುವ ನಾಲಗೆಗೆ ಕನ್ನಡನಾಡಿನ ರಾಗವು ಹೊರಗಿನದು ಹೇಗಾಯಿತೆಂಬ ನಮ್ಮ ಪ್ರಶ್ನೆಗೆ ಅವರಿಂದ ಇನ್ನೂ ಉತ್ತರ ಬಂದಿಲ್ಲ.

ಶಿಲ್ಪಕ್ಕೆ ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಇದೆ. 1964ರಲ್ಲಿ ಬಂದ ಈ ಚಿತ್ರವು ಪೂರ್ಣವಾಗಿ ವರ್ಣದಲ್ಲಿ ತಯಾರಾದ ಮೊದಲ ಕನ್ನಡ ಕಥಾಚಿತ್ರ. ಇದನ್ನು ನೋಡಿದ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗದಿದ್ದರೆ ನೋಡಿದ್ದು ಅರ್ಧವೇ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆಮಾಡಿಸಿದ ಆ ಗುಡಿಯ ಮದನಿಕೆಯರ ಪೀಠಗಳಲ್ಲಿ ಕೆತ್ತಿದವರು ತಮ್ಮ ಹೆಸರುಗಳನ್ನು ಬಿಟ್ಟುಹೋಗಿದ್ದಾರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮನ ಹೆಸರು. ಜಕಣಾಚಾರಿಯು ಜನರ ಬಾಯಲ್ಲಿ ಬೆಳೆದ ಕಥೆಯ ಶಿಲ್ಪಿ. ದಾಸೋಜನು ಕಲ್ಲಿನ ಮೇಲೆ ಅಕ್ಷರವಾಗಿ ನಿಂತವನು. ಸಿನಿಮಾದಲ್ಲಿ ಕಂಡದ್ದೆಲ್ಲ ಚರಿತ್ರೆಯಲ್ಲವೆಂಬುದನ್ನು ನಾವು ಹತ್ತು ಸಾರಿ ಹೇಳಿದಾಗ ಹಿಡಿಯದಿದ್ದ ಮಕ್ಕಳು, ಬಿಸಿಲಿನಲ್ಲಿ ಕತ್ತೆತ್ತಿ ನಿಂತು ಆ ಅಕ್ಷರಗಳನ್ನು ಹುಡುಕಿದ ದಿನ ಹಿಡಿದರು.

‘ದಿ ಆಗನಿ ಅಂಡ್ ದಿ ಎಕ್‌ಸ್ಟಸಿ’ ಎಂಬ 1965ರ ಚಿತ್ರವನ್ನೂ ಹೀಗೆಯೇ ನೋಡಬೇಕು. ಮೈಕೆಲೆಂಜೆಲೊ 1508ರಿಂದ 1512ರ ವರೆಗೆ ರೋಮಿನ ಸಿಸ್ಟೀನ್ ಪ್ರಾರ್ಥನಾಲಯದ ಮಾಳಿಗೆಯಲ್ಲಿ ಸೃಷ್ಟಿಯ ಕಥೆಯನ್ನು ಚಿತ್ರಿಸಿದ ವೃತ್ತಾಂತವದು. ಅವನು ಬೆನ್ನಿನ ಮೇಲೆ ಮಲಗಿ ಚಿತ್ರಿಸಿದನೆಂದು ಲೋಕದಲ್ಲಿ ಪ್ರತೀತಿಯುಂಟು. ಆದರೆ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ ನಿಂತುಕೊಂಡೇ ಬರೆಯುತ್ತಿರುವ ತನ್ನ ಚಿತ್ರವನ್ನು ಅವನೇ ಒಂದು ಕವಿತೆಯ ಪಕ್ಕದಲ್ಲಿ ಗೀಚಿಟ್ಟಿದ್ದಾನೆ. ಮಕ್ಕಳನ್ನು ಐದು ನಿಮಿಷ ಹಾಗೆ ನಿಲ್ಲಿಸಿ ನೋಡಿರಿ, ಕಲಾವಿದನ ಶ್ರಮವು ವಿವರಣೆಯಿಲ್ಲದೆಯೇ ತಿಳಿಯುವುದು. ರೋಮಿಗೆ ಹೋಗಲು ನಮ್ಮಲ್ಲಿ ಹಣವಿಲ್ಲವೆನ್ನುವವರು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಹೋಗಬಹುದು. ಇಟಲಿಯಿಂದ ಬಂದ ಜೆಸುಯಿಟ್ ಸಹೋದರ ಆಂಟೋನಿಯೊ ಮೊಸ್ಕೆನಿಯು 19ನೆಯ ಶತಮಾನದ ಕಡೆಯಲ್ಲಿ ಅಲ್ಲಿಯ ಗೋಡೆ ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದನು. ನಾವು ಬೇರೆ ಸಭೆಯವರಾದರೂ ಕಣ್ಣಿಗೆ ಸಭೆಯ ಭೇದವಿಲ್ಲ.

ಖರ್ಚಿನ ಮಾತನ್ನು ಅನೇಕರು ಎತ್ತುವರು. ಒಂದು ಪ್ರೊಜೆಕ್ಟರು, ಒಂದು ಬಿಳಿಯ ಗೋಡೆ, ಎರಡು ಒಳ್ಳೆಯ ಸ್ಪೀಕರು ಸಾಕು. ಹಣ ಉಳಿಸಬೇಕಾದರೆ ಪ್ರೊಜೆಕ್ಟರಿನಲ್ಲಿ ಉಳಿಸಿರಿ, ಸ್ಪೀಕರಿನಲ್ಲಿ ಉಳಿಸಬೇಡಿರಿ. ತಂಬೂರಿಯ ಶ್ರುತಿಯನ್ನು ತಗಡಿನ ಡಬ್ಬಿಯ ಸದ್ದಾಗಿಸುವ ಯಂತ್ರದಿಂದ ಸಂಗೀತಪಾಠವಾಗದು. ಕಾಲದ ಮಾತನ್ನು ಎತ್ತುವವರಿಗೆ ನಮ್ಮ ವಿಜ್ಞಾಪನೆಯೇನೆಂದರೆ, ತಿಂಗಳಿಗೆ ಒಂದು ಶನಿವಾರದ ಒಂದೂವರೆ ಗಂಟೆಯನ್ನು ಗಣಿತಕ್ಕೆ ಬಿಟ್ಟುಕೊಡದಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಹಾಡಬಲ್ಲವರೂ ಬರೆಯಬಲ್ಲವರೂ ಎಷ್ಟೋ ಮಂದಿ ಇರುವಿರಿ. ಆ ಶನಿವಾರಗಳಲ್ಲಿ ಬಂದು ಮಕ್ಕಳ ನಡುವೆ ಕುಳಿತುಕೊಳ್ಳಿರಿ, ವೀಣೆಯಿದ್ದರೆ ವೀಣೆಯನ್ನೂ ತನ್ನಿರಿ. ತೆರೆಯ ಮೇಲಿನ ವೀಣೆಯನ್ನು ಮುಟ್ಟಲಾಗದೆಂದು ಮಕ್ಕಳು ದೂರುವರು.

ಮುಂದಿನ ಶನಿವಾರಕ್ಕೆ ಸತ್ಯಜಿತ್ ರಾಯ್ ಅವರು 1972ರಲ್ಲಿ ತೆಗೆದ ‘ದಿ ಇನ್ನರ್ ಐ’ ಎಂಬ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರವನ್ನು ಗೊತ್ತುಮಾಡಿದ್ದೇವೆ. ಹುಟ್ಟಿನಿಂದಲೇ ದೃಷ್ಟಿ ಮಂದವಾಗಿದ್ದು, ಶಾಂತಿನಿಕೇತನದ ಹಿಂದೀ ಭವನದ ಗೋಡೆಗಳ ಮೇಲೆ 1947ರಲ್ಲಿ ಮಧ್ಯಯುಗದ ಸಂತರನ್ನು ಚಿತ್ರಿಸಿ, ಹತ್ತು ವರ್ಷಗಳ ಮೇಲೆ ಪೂರ್ತಿಯಾಗಿ ಕುರುಡರಾದರೂ ಕಾಗದ ಕತ್ತರಿಸಿ, ಹಂಚುಗಳನ್ನು ಜೋಡಿಸಿ ಕಲೆಯನ್ನು ಬಿಡದಿದ್ದ ವಿನೋದ ವಿಹಾರಿ ಮುಖರ್ಜಿಯವರನ್ನು ಕುರಿತದ್ದು. ಬೀಸುಕಲ್ಲಿನ ಚಿತ್ರವನ್ನು ಹರಿದಿದ್ದ ಹುಡುಗಿಯು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಕುರ್ಚಿಗಳನ್ನು ಹಾಕಿಸುವ ಕೆಲಸ ಅವಳದು. ಮೊನ್ನೆ ಬಂದು, “ಮೊದಲು ಕಾಗದ, ಕತ್ತರಿ, ಗೋಂದು ಕೊಡಿ ಟೀಚರಮ್ಮ, ದೀಪ ಆರಿಸಿಬಿಡಿ. ಕತ್ತಲಲ್ಲೇ ಒಂದು ಚಿತ್ರ ಮಾಡುತ್ತೇವೆ. ಆಮೇಲೆ ಅವರದನ್ನು ನೋಡೋಣ,” ಎಂದಳು. ಕತ್ತರಿಗಳು ಹದಿನಾಲ್ಕೇ ಇವೆ, ಇನ್ನಷ್ಟನ್ನು ಹುಡುಕುತ್ತಿದ್ದೇವೆ.